ಹದಿನಾರು ವಾರ, ಕಾರಟಗಿ

ಏಳನೇ ಸೆಮಿಸ್ಟರಿನ ಶುರುವಿಗೇ ಬೋರ್ಡಿನ ಮೇಲೆ ಹಾಳೆ:
ಯಾರು ಎಲ್ಲಿ.
ತೋರಣಗಲ್ಲಿನ ಉಕ್ಕಿಗೆ ಆರು ಜನ,
ಶಕ್ತಿನಗರದ ಉಗಿಗೆ ನಾಲ್ವರು.
ರೋಬೋಟಿನ ಕೈ ಮಾಡಿ ಬಹುಮಾನ ತಂದಿದ್ದ ನನಗೆ
ಕಾರಟಗಿಯ ಅಕ್ಕಿ ಗಿರಣಿ.
ರಾಯಚೂರಿನ ಹಾಸ್ಟೆಲಿನ ತುಂಬ ಆ ರಾತ್ರಿ ನಗೆ.

ಸಿಂಧನೂರಿನ ಮನೆಯಿಂದ ಏಳೂವರೆ ಬಸ್ಸು.
ಸಂಜೆ ಮರಳುವಾಗ ಕಪ್ಪು ಬುರ್ಖಾದ ಮೇಲೆಲ್ಲ ತೌಡಿನ ಧೂಳು;
ಯಂತ್ರದ ಲೆಕ್ಕದಲ್ಲಿ ನಾನೂ ಪಾಸು.

ಯಂತ್ರ ಇದ್ದದ್ದು ಎರಡನೇ ಅಟ್ಟದಲ್ಲಿ.
ಅಕ್ಕಿ ಜಾರುತ್ತದೆ, ಕ್ಯಾಮೆರಾ ನೋಡುತ್ತದೆ,
ಕಪ್ಪು ಕಂಡರೆ ಗಾಳಿ ಉಗುಳುತ್ತದೆ: ಟಿಕ್.
ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಕಾಳು, ಸಾವಿರ ತೀರ್ಪು.
ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಥ್ರೆಶೋಲ್ಡು
ಇಲ್ಲಿ ನಿಜವಾಗಿಯೂ ಹೊಸ್ತಿಲು,
ಈಚೆ ಚೀಲ, ಆಚೆ ಕಸ.

ಮೊದಲ ವಾರ ನಾನು ಗಾಜು ಒರೆಸಿದೆ.
ಎರಡನೇ ವಾರವೂ ಗಾಜು.
ಡೈರಿಯ ‘ಇಂದು ಕಲಿತದ್ದು’ ಎಂಬ ಖಾನೆಯಲ್ಲಿ
ಆಪ್ಟಿಕಲ್ ವ್ಯವಸ್ಥೆಯ ನಿರ್ವಹಣೆ ಎಂದು ಬರೆದೆ.
ಕ್ಯಾಂಪಿನ ಸೂರಿಬಾಬು, ನಮ್ಮ ಮ್ಯಾನೇಜರು,
ಓದದೆ ಸಹಿ ಹಾಕಿದರು.

ಕೆಳಗೆ, ಕಸ ಬೀಳುವ ಬಾಯಿಯ ಪಕ್ಕ
ಮೊರ ಹಿಡಿದು ಕೂತಿರುತ್ತಿದ್ದಳು ಹುಲಿಗೆವ್ವ.
ಹಿಂದೆ ಹನ್ನೆರಡು ಹೆಂಗಸರಿದ್ದರಂತೆ.
ಈಗ ಯಂತ್ರ ಎಸೆದದ್ದನ್ನು ಮತ್ತೊಮ್ಮೆ ಆರಿಸಲು
ಇವಳೊಬ್ಬಳು.
“ಮಧ್ಯಾಹ್ನ ಆತಂದ್ರ ನಿನ್ನ ಮಿಷಿನ್ ಕಣ್ಣು ಮಂಜಾಗತಾವ ನೋಡು, ಶೈನಾ.”
ನನ್ನ ಹೆಸರು ಶಾಹೀನಾ. ತಿದ್ದಲಿಲ್ಲ.
“ಹೆಂಗ ಗೊತ್ತು?”
“ಟಿಕ್ ಟಿಕ್ ಅನ್ನೋದು ಟಿಟಿಟಿಟಿ ಅಂತೈತಿ.
ಒಳ್ಳೇವನ್ನೂ ಉಗುಳಾಕತ್ತೈತಿ.”

ಮೂರು ದಿನದಿಂದ ಕೋಡಿನ ಸಾಲು ಸಾಲಲ್ಲಿ
ನಾನು ಹುಡುಕುತ್ತಿದ್ದ ತಪ್ಪು
ತಗಡಿನ ಮಾಡಿನಲ್ಲಿತ್ತು. ಒಂದು ತೂತು.
ಮೂರು ಗಂಟೆಯ ಬಿಸಿಲು ಅದರಿಂದಿಳಿದು ನೆಟ್ಟಗೆ ಲೆನ್ಸಿಗೆ.
ಅಂಗೈಯಷ್ಟು ರಟ್ಟು ಕತ್ತರಿಸಿ ಮುಚ್ಚಿದೆ.
ಅಂದಿನ ಖಾನೆಯಲ್ಲಿ ಏನು ಬರೆಯುವುದೋ ತಿಳಿಯದೆ
ಖಾಲಿ ಬಿಟ್ಟೆ.

ಆಮೇಲೆ ಲ್ಯಾಪ್‌ಟಾಪನ್ನೇ ಕೆಳಗೆ ಒಯ್ದೆ.
ಯಂತ್ರಕ್ಕೆ ಕಲಿಸಲು ನಾಲ್ಕು ಸಾವಿರ ಕಾಳಿನ ಚಿತ್ರ,
ಒಂದೊಂದಕ್ಕೂ ಹೆಸರು ಹಚ್ಚಬೇಕು,
ಒಳ್ಳೆಯದೋ ಕೆಟ್ಟದ್ದೋ.
ಎರಡೇ ಕೀಲಿ ಇಟ್ಟಿದ್ದೆ.
ಅವಳು ಸೆರಗಿನಲ್ಲಿ ಕನ್ನಡಕ ಒರೆಸಿ
ಪರದೆಯನ್ನು ಮೊರದ ಹಾಗೆ ಸ್ವಲ್ಪ ವಾಲಿಸಿದಳು.
“ಇದು ದ್ವಾಸಿಗೆ. ಇದು ಕೋಳಿಗೆ.
ಇದನ್ನ ಹಸೀದಿದ್ದಾಗ ಕೊಯ್ದಾರ, ಗಂಜಿಗೆ ನಡೀತೈತಿ.
ಇದು ಕೆಟ್ಟದ್ದಲ್ಲವ್ವಾ, ನೀರಾಗ ನಿಂತಿತ್ತು, ಅಷ್ಟ.”
“ಹಂಗಾರ ಕೆಟ್ಟದ್ದು ಯಾವುದು?”
ಬಹಳ ಹೊತ್ತು ಚಿತ್ರ ಸರಿಸುತ್ತ ಹೋದಳು.
“ಕಲ್ಲು,” ಅಂದಳು.

ಎರಡು ಕೀಲಿ ಆರಾದವು.
ಹನ್ನೊಂದು ದಿನ, ಊಟದ ಬಿಡುವಿನಲ್ಲಿ,
ಅವಳ ರೊಟ್ಟಿ, ನನ್ನ ಡಬ್ಬಿಯ ಖೀಮಾ,
ನಡುವೆ ನಾಲ್ಕು ಸಾವಿರ ಕಾಳು.
“ಮಿಷಿನ್‌ಗೆ ಬಾಯಿ ಇರೋದೇ ಎರಡಮ್ಮಾ,” ನಕ್ಕರು ಸೂರಿಬಾಬು,
“ಆರು ಹೆಸರು ತಗೊಂಡು ಏನ್ ಮಾಡ್ತೀರಿ?”
ಕಡೆಯ ದಿನ ಹುಲಿಗೆವ್ವನೂ ಕೇಳಿದಳು, ನಕ್ಕೇ:
“ಎಲ್ಲಾ ಅದಕ್ಕ ಕಲಿಸಿಬಿಟ್ರ
ಈ ಮೊರ ನಾನ್ ಎಲ್ಲಿಡ್ಲಿ?”
ಸ್ಟೈಪೆಂಡಿನ ಅರ್ಧ ಅವಳ ಕೈಗಿಟ್ಟೆ.
ಎಣಿಸಿದಳು. ಒಂದು ಹರಿದ ನೋಟು ಆರಿಸಿ ವಾಪಸು ಕೊಟ್ಟಳು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು
ಚಶ್ಮಾದ ಮೇಲಿಂದ ನೋಡಿದರು.
ಲೇಬಲ್ ಹಚ್ಚಿದ್ದು ಯಾವ ಕಂಪನಿ?
ಹುಲಿಗೆವ್ವ, ಸರ್.
ಅವರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು.
ಎಷ್ಟು ಸರಿ ಹೇಳುತ್ತದೆ ನಿನ್ನ ಮಾಡೆಲ್ಲು?
ಎರಡು ಹೆಸರಿಗಾದರೆ ನೂರಕ್ಕೆ ತೊಂಬತ್ತಾರು, ಸರ್.
ಆರು ಹೆಸರಿಗೆ ಅರವತ್ತೊಂದು.
ತೀರಾ ಕಡಿಮೆಯಾಯಿತಲ್ಲಮ್ಮ?
“ಹೌದು ಸರ್,” ಎಂದೆ,
ತಡೆಯಲಾಗದ ಒಂದು ಖುಷಿಯನ್ನು
ತುಟಿಯಲ್ಲೇ ಕಚ್ಚಿ ಹಿಡಿದು.