ಅಮ್ಮ ಆಗಿತ್ತು

ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ
ಮಾರ್ಕ್ಸ್ ಕಾರ್ಡು, ಕೌನ್ಸಿಲ್ ನೋಂದಣಿ, ನಾಲ್ಕು ಫೋಟೋ
ಎಲ್ಲ ಆದಮೇಲೆ ಒಂಬತ್ತನೆಯದು:
ದಡಾರ, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ,
ಇವು ನಿಮ್ಮನ್ನು ಮುಟ್ಟಲಾರವು ಎಂಬುದಕ್ಕೆ ಪುರಾವೆ.

ಚಿಕನ್‌ಪಾಕ್ಸ್ ನಂಗೆ ಆಗಿದೆ ಸಾರ್, ಅಂದೆ.
ಎಡಗಡೆ ಕೂದಲು ಸರಿಸಿ ತೋರಿಸಿದೆ,
ಹಣೆಯಂಚಿನಲ್ಲಿ ಅವರೆಕಾಳಿನಷ್ಟಗಲ ಮೂರು ಕಲೆ.
ಗುಮಾಸ್ತ ತಲೆ ಎತ್ತಲಿಲ್ಲ.
'ಕಲೆ ಬೇಡಮ್ಮ, ಟೈಟರ್ ಬೇಕು.
ರಕ್ತ ಹೇಳಬೇಕು, ನೀನಲ್ಲ.'

ಸಾಕ್ಷಿಗೇನು ಕೊರತೆ ನಮ್ಮನೆಯಲ್ಲಿ?
ನನ್ನ ತಾಯಿ ಪಿಳ್ಳಮ್ಮ
ಯಾರು ಕೇಳಲಿ ಬಿಡಲಿ ಹೇಳುತ್ತಲೇ ಬಂದಿದ್ದಾಳೆ:
ನಾಲ್ಕು ವರ್ಷಕ್ಕೆ ಅಮ್ಮ ಆಗಿತ್ತು ಈ ಮಗೂಗೆ,
ಬೇವಿನ ಸೊಪ್ಪಿನ ಮೇಲೇ ಮಲಗಿಸಿದ್ದೆ,
ಹನ್ನೊಂದು ದಿವಸ ಮನೇಲಿ ಒಗ್ಗರಣೆ ಸದ್ದಿಲ್ಲ,
ಮಾರಮ್ಮನಿಗೆ ತಂಬಿಟ್ಟು ಒಪ್ಪಿಸಿ ಬಂದೆ.
ಹೇಳುವಾಗ ಒಂದು ಸಲವೂ
ನನ್ನ ಹಣೆ ನೋಡಿದವಳಲ್ಲ.
ಇದು ಈಗ ಹೊಳೆಯುತ್ತಿದೆ.

ಬಸ್‌ಸ್ಟ್ಯಾಂಡ್ ಹಿಂದಿನ ಲ್ಯಾಬು. ಎರಡು ಸಾವಿರದ ಮುನ್ನೂರು.
ಹುಡುಗ ಮೂರು ಸಲ ಚುಚ್ಚಿ ನರ ಹುಡುಕಿದ.
ನಾನಾಗಿದ್ದರೆ ಒಂದೇ ಸಲ.
ಹೇಳಲಿಲ್ಲ. ಕೆಲಸ ಇನ್ನೂ ಸಿಕ್ಕಿರಲಿಲ್ಲ.

ಮೂರನೇ ದಿನ ವರದಿ ಫೋನಿಗೇ ಬಂತು.
ದಡಾರ: ಇದೆ. ಅಂಗನವಾಡಿಯಲ್ಲಿ ಕೈಕಾಲು ಹಿಡಿದು
ನರ್ಸಮ್ಮ ಹಾಕಿದ ಸೂಜಿ
ಇಷ್ಟು ವರ್ಷವಾದರೂ ಕಾವಲು ಬಿಟ್ಟಿಲ್ಲ.
ಹೆಪಟೈಟಿಸ್: ಇದೆ. ಕಾಲೇಜಿನಲ್ಲಿ ಹಾಕಿಸಿಕೊಂಡದ್ದು.
ಚಿಕನ್‌ಪಾಕ್ಸ್: ನೆಗೆಟಿವ್.
ಅಂದರೆ, ಆ ಹೆಸರಿನವರು ಯಾರೂ ಇಲ್ಲಿಗೆ ಬಂದಿಲ್ಲ.

ಲ್ಯಾಬು ತಪ್ಪಿರಬಹುದು. ಒಮ್ಮೊಮ್ಮೆ ರಕ್ತವೂ ಮರೆಯುತ್ತದೆ,
ಪುಸ್ತಕದಲ್ಲೇ ಓದಿದ್ದೇನೆ,
ಎಂದುಕೊಳ್ಳುತ್ತ ಶಿಡ್ಲಘಟ್ಟದ ಬಸ್ಸು ಹತ್ತಿದೆ.

'ನಂಗೆ ಅಮ್ಮ ಆಗೇ ಇಲ್ವಂತೆ ಕಣಮ್ಮ,'
ನಗುತ್ತಲೇ ಅಂದದ್ದು ನಾನು.
ದಂಟಿನ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.
ಆಮೇಲೆ, ಆ ಸೊಪ್ಪಿಗೇ ಹೇಳುವವಳ ಹಾಗೆ:

'ನಿನ್ನ ಯಾರ ಹತ್ರ ಬಿಟ್ಟು ಹೋಗ್ಲಿ?
ಅನ್ಸರ್ ಸಾಬರ ಬಿಚ್ಚಾಣಿಕೆ ಮನೇಲಿ
ಒಲೆ ಪಕ್ಕ ಗೋಣಿಚೀಲ ಹಾಸಿ ಕೂರಿಸ್ತಿದ್ದೆ.
ಅವತ್ತು ಗೂಡು ಜಾಸ್ತಿ. ಎಳೆ ಸಿಗ್ತಾ ಇಲ್ಲ.
ಸಿಟ್ಟಲ್ಲಿ ಪೊರಕೆ ಎತ್ತಿ ಕೊಡವಿಬಿಟ್ಟೆ.
ಕುದಿಯೋ ನೀರು.
ಚರಕದ ಸದ್ದಲ್ಲಿ ನೀನು ಅತ್ತಿದ್ದೂ ಕೇಳಿಸ್ಲಿಲ್ಲ.'

'ನಿಮ್ಮಜ್ಜಿಗೆ ಏನಂತ ಹೇಳ್ಲಿ? ಅಮ್ಮ ಅಂದೆ.
ಅಮ್ಮ ಅಂದ್ರೆ ಯಾರೂ ಬೈಯಲ್ಲ.
ಹತ್ರಾನೂ ಬರಲ್ಲ.'

ಹನ್ನೊಂದು ದಿವಸದ ಕೂಲಿ ಬಿಟ್ಟದ್ದು ನಿಜವಂತೆ.
ಒಗ್ಗರಣೆ ಹಾಕದ್ದೂ ನಿಜ.
ಬೇವು ನಿಜ, ತಂಬಿಟ್ಟು ನಿಜ.
ಸುಳ್ಳು ಅಂದರೆ ಒಂದು ಮಾತು,
ಮಿಕ್ಕದ್ದೆಲ್ಲ ಆ ಮಾತಿಗೆ ನಡೆದುಕೊಂಡದ್ದು.

ನಾನು ಸಿಟ್ಟು ಮಾಡಿಕೊಳ್ಳಬೇಕಿತ್ತೋ ಏನೋ.
ಅವಳ ಬೆರಳ ತುದಿ ನೋಡುತ್ತಿದ್ದೆ,
ನೆನೆದು ನೆನೆದು ರೇಖೆ ಅಳಿಸಿಹೋದದ್ದು.
ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಒಪ್ಪದು,
ಪಿಳ್ಳಮ್ಮ ಪಿಳ್ಳಮ್ಮನೇ ಎಂದು.
ಕುದಿನೀರು ಈಗ ಅವಕ್ಕೆ ತಾಕುವುದಿಲ್ಲ.
ಅದನ್ನು ಯಾರೂ ಅಳೆದು ಬರೆದುಕೊಡಲಿಲ್ಲ.

ಎರಡು ಡೋಸು. ನಡುವೆ ನಾಲ್ಕು ವಾರ.
ಕೆಲಸಕ್ಕೆ ಸೇರುವುದು ಯುಗಾದಿ ಆಚೆಗೆ ಹೋಯಿತು.
ಮೊದಲ ಸೂಜಿಯ ದಿನ ತಾನೂ ಬಂದಳು.
'ಹಿಂದೆ ಚಿಕನ್‌ಪಾಕ್ಸ್ ಆಗಿತ್ತಾ?' ಕೇಳಿದಳು ಸಿಸ್ಟರ್,
ನನಗಿಂತ ಚಿಕ್ಕವಳು, ಪೆನ್ನು ಹಿಡಿದು.

ನಾನು ಬಾಯಿ ತೆರೆಯುವ ಮೊದಲೇ
ಪಿಳ್ಳಮ್ಮ ನನ್ನ ಕೂದಲು ಸರಿಸಿದಳು.
'ಇಲ್ಲಮ್ಮ. ಇದು ನೀರು ಬಿದ್ದಿದ್ದು.
ನನ್ನ ಕೈಯಿಂದ.'

ಫಾರಮ್ಮಿನಲ್ಲಿ ಅಷ್ಟಕ್ಕೆಲ್ಲ ಜಾಗವಿರಲಿಲ್ಲ.
ಹುಡುಗಿ 'ಇಲ್ಲ' ಎಂಬಲ್ಲಿ ಟಿಕ್ ಹಾಕಿ
ತೋಳು ಮೇಲೆ ಮಾಡಿ ಅಕ್ಕ, ಅಂದಳು.