ಹತ್ತಿಯೊಳಗೆ

ಬಾಷಾ ನಗರದ ಮೂರನೇ ತಿರುವು,
ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ಏಳದ ಹೊತ್ತು.
ಅಜ್ಜ ಅಟ್ಟದಿಂದ ಬಿಲ್ಲು ಇಳಿಸಿದ.
ಊರ ಹತ್ತಿಯೆಲ್ಲ ಯಂತ್ರದ ಬಾಯಿಗೆ ಬಿದ್ದು ಇಪ್ಪತ್ತು ವರ್ಷ;
ಮನೆಯ ಹಾಸಿಗೆ ಮಾತ್ರ ಅದಕ್ಕೆ ಕೊಡುವುದಿಲ್ಲ ಅವನು.
‘ಯಂತ್ರ ಹತ್ತೀನ ಬೈತೈತೆ, ಬಿಲ್ಲು ಮಾತಾಡಿಸ್ತೈತೆ.’

ಆ ದಿನ ಬಿಚ್ಚಿದ್ದು ನನ್ನ ಕೋರ್ಪಚಾ.
ದುಶಾಂಬೆಯಿಂದ ನಾನು ತಂದದ್ದು ಎರಡೇ:
ಇಲ್ಲಿಯ ಪರೀಕ್ಷೆಯಲ್ಲಿ ಮೂರು ಸಲ ಬಿದ್ದ ಡಾಕ್ಟರ್ ಪದವಿ,
ಮತ್ತೆ ಈ ಹಾಸಿಗೆ. ದಾಳಿಂಬೆ ಬಣ್ಣ, ಅಂಚಿಗೆ ಹಳದಿ ದಾರ.
ಆರು ವರ್ಷ ಕೋಣೆ ಬಾಡಿಗೆಗೆ ಕೊಟ್ಟ ಜುಮಾಗುಲ್
ನಾನು ಹೊರಡುವ ಹಿಂದಿನ ರಾತ್ರಿ ಕೂತು ಹೊಲಿದಳು.
ಬಿಚ್ಚಬೇಡ ಅನ್ನಲಿಲ್ಲ.
ತೊಳೆಯಬೇಡ ಅಂದಳು, ಅಷ್ಟೇ.

ಟಂಯ್. ಟಂಯ್.
‘ನೀರು ಕುಡಿದು ಬೆಳೆದ ಹತ್ತಿ,’ ಅಂದ ಅಜ್ಜ, ಎಳೆ ಎಳೆದು ನೋಡಿ.
ನೆಲದ ಮೇಲೆ ಮೋಡ ಏಳತೊಡಗಿತು, ಬೆಕ್ಕು ಸೀನಿತು.
ಟಂಯ್.
ತಂತಿ ನಿಂತಿತು.

ಅಂಗೈಯಷ್ಟು ಪುಸ್ತಕ. ಹಸಿರು ರಟ್ಟು.
ಒಳಗೆ ಒಂದು ಫೋಟೋ, ಹೊಸದಾಗಿ ಗಡ್ಡ ಬಿಟ್ಟ ಹುಡುಗ,
ನಗಬಾರದೆಂದು ತುಟಿ ಬಿಗಿಹಿಡಿದವನು.
‘ಯಾರವ್ವಾ ಇವ?’
‘ಆ ಮನೆ ಮಗ. ಖುದೋದೋದ್.’
‘ಹಂಗಂದ್ರೆ?’
‘ದೇವರು ಕೊಟ್ಟವನು.’
‘ನಮ್ಮ ಖುದಾಬಕ್ಷಿ ಇದ್ದಂಗೆ ಬಿಡು. ಏನು ಮಾಡಿದ್ದ?’
‘ಪಾರ್ಟಿಯಲ್ಲಿದ್ದ.’
‘ಬಂದೂಕಿನ ಪಾರ್ಟೀನಾ?’

ಅಲ್ಲ ಅಜ್ಜಾ, ಓಟಿನದು. ನಮಾಜಿನವರ ಪಾರ್ಟಿ, ಆದರೆ ಓಟಿನದು.
ಸಂಸತ್ತಿನಲ್ಲಿ ಎರಡು ಕುರ್ಚಿ ಇದ್ದವು.
ಒಂದು ಚುನಾವಣೆಯಲ್ಲಿ ಅವೂ ಹೋದವು.
ಅದೇ ವರ್ಷ, ಮೇಜಿನ ಮೇಲೆ ಕಲ್ಲಂಗಡಿ ಇನ್ನೂ ಸಿಗುತ್ತಿದ್ದ ಕಾಲ,
ಕೋರ್ಟು ಹೇಳಿತು: ಇದು ಪಕ್ಷವಲ್ಲ, ಭಯೋತ್ಪಾದನೆ.
ಟೀವಿ ಅದನ್ನೇ ಹೇಳಿತು.
ಜುಮಾಗುಲ್ ಹೇಳಿದ್ದು ಬೇರೆ:
ನನ್ನ ಮಗ ಸಭೆಗೆ ಕುರ್ಚಿ ಹಾಕುತ್ತಿದ್ದ,
ಮುಗಿದ ಮೇಲೆ ಒಂದರೊಳಗೊಂದು ಸೇರಿಸಿ ಎತ್ತಿಡುತ್ತಿದ್ದ.
ನನಗೆ ಗೊತ್ತಿರುವುದು ಇಷ್ಟೇ.

ಗೋಡೆಯಿಂದ ಫೋಟೋ ಇಳಿಯಿತು, ಮೊಳೆ ಉಳಿಯಿತು.
ಮೊಳೆಗೆ ಕ್ಯಾಲೆಂಡರ್ ಬಂತು.
ನೆರೆಯವರು ಕೇಳಿದರೆ, ರಷ್ಯಾಕ್ಕೆ ಹೋಗಿದ್ದಾನೆ, ಗಾರೆ ಕೆಲಸಕ್ಕೆ.
ನನಗೆ ಮಾತ್ರ, ಹಿಟ್ಟು ನಾದುತ್ತ, ತಲೆ ಎತ್ತದೆ:
ಒಳಗಿದ್ದಾನೆ.

ಒಮ್ಮೆ ಕೇಳಿದ್ದಳು, ನಿಮ್ಮಲ್ಲಿ ಪಾರ್ಟಿಗೆ ಏನಂತೀರಿ?
ಪಕ್ಷ ಅಂದೆ. ರೆಕ್ಕೆಗೂ ಅದೇ ಪದ ಅಂದೆ.
ಅಂಗಳದ ಕೋಳಿಗಳ ಕಡೆ ನೋಡಿದಳು,
ಗೋಡೆ ಹಾರದಂತೆ ಅವಳೇ ಕತ್ತರಿ ಆಡಿಸಿದ್ದ ಕೋಳಿಗಳು.
‘ಇವಕ್ಕೂ ಎರಡೆರಡು ಇದ್ದವು,’ ಅಂದು ನಕ್ಕಳು.
ಆ ನಗೆಯನ್ನು ಏನು ಮಾಡಬೇಕೆಂದು ನನಗಿನ್ನೂ ತಿಳಿದಿಲ್ಲ.

ಅಜ್ಜನಿಗೆ ಆ ಲಿಪಿ ಬಾರದು. ಚೌಕಗಳನ್ನು ಎಣಿಸಿದ.
ತಿಂಗಳಿಗೊಂದು ಮುದ್ರೆ, ಆಗಸ್ಟ್‌ವರೆಗೆ.
ಆಮೇಲೆ ಖಾಲಿ, ಖಾಲಿ.
‘ಚಂದಾ ಬಾಕಿ ಉಳಿಸಿದೋನಲ್ಲ ಹುಡುಗ,’ ಅಂದ.
ಸ್ವಲ್ಪ ಹೊತ್ತು ಬಿಟ್ಟು:
‘ಗಿರಣಿ ಇದ್ದಾಗ ನನ್ನ ಹತ್ರಾನೂ ಒಂದಿತ್ತು, ಕೆಂಪಂದು.
ಸ್ಟ್ರೈಕ್ ಮುರಿದ ದಿನ ನಿಮ್ಮಜ್ಜಿ ಒಲೆಗೆ ಹಾಕಿದಳು.
ಚಾ ಕಾಯ್ತು ಅದರಾಗೆ.’

ಹೊರಗೆ ಆಟೋದ ಮೈಕು, ವಾರ್ಡಿನ ಚುನಾವಣೆ,
ಅಮೂಲ್ಯವಾದ ಮತ, ಅಮೂಲ್ಯವಾದ ಮತ.
ಬಾಗಿಲಿಗೆ ಒಂದು ಚೀಟಿ ಬಿತ್ತು, ಹಿಂದೆಯೇ ಇನ್ನೊಂದು ಪಾರ್ಟಿಯದು.
ಅಜ್ಜ ಹಸಿರು ಪುಸ್ತಕವನ್ನು ಹತ್ತಿಯ ನಡುವೆ ಇಟ್ಟು,
ಸೂಜಿ ಕೇಳಿದ.
ಹೊಲಿಗೆ ಜುಮಾಗುಲ್‌ಳಷ್ಟು ನೆಟ್ಟಗೆ ಬರಲಿಲ್ಲ.

ಅವಳಿಗೆ ಕರೆ ಮಾಡುವಂತಿಲ್ಲ. ಹೊರದೇಶದ ಗಂಟೆ ಆ ಮನೆಗೆ ಒಳ್ಳೆಯದಲ್ಲ.
ಬರೆದೆ, ಅಳಿಸಿದೆ, ಮತ್ತೆ ಬರೆದೆ:
ಹಾಸಿಗೆ ಹಿಂಜಿಸಿದೆವು, ಚಾಚಿ. ತೊಳೆಯಲಿಲ್ಲ.
ಒಳಗಿದ್ದದ್ದು ಒಳಗೇ ಇದೆ.

ಕಳಿಸಿದ ಮೇಲೆ ಆ ಕೊನೆಯ ಸಾಲು ನನ್ನ ಕಣ್ಣಿಗೇ ಬೇರೆ ಥರ ಕಂಡಿತು.
ಬೂದು ಬಣ್ಣದ ಒಂದೇ ಗೀಟು.