ಬಿಸ್ಕತ್ತು ಡಬ್ಬಿಯ ಹಳ್ಳಿ

ವಾರಕ್ಕೆ ಆರು ದಿನ ಮೀಟರು ಓದುವವನು ನಾನು.
ವೈಟ್‌ಫೀಲ್ಡಿನ ಗಲ್ಲಿಗಲ್ಲಿಗೂ ನನ್ನ ಬೈಕಿನ ಸದ್ದು ಗೊತ್ತು,
ನಾಯಿಗಳಿಗೆ ನನ್ನ ಪ್ಯಾಂಟಿನ ರುಚಿ.
ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ,
ಜೇಡನ ಬಲೆ ಸರಿಸಿ ಟಾರ್ಚು ಬಿಟ್ಟು
ಯಾರ ಮನೆ ಎಷ್ಟು ಬೆಳಕು ತಿಂದಿತೆಂದು
ಚೀಟಿ ಹರಿದು ಕೊಡುತ್ತೇನೆ.
ಬೈದರೆ ಬೈಸಿಕೊಳ್ಳುತ್ತೇನೆ. ಅದೂ ಸಂಬಳದೊಳಗೇ.

ಭಾನುವಾರ ಮಾತ್ರ ಬೆಳಕು ಪುಕ್ಕಟೆ.
ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಕ್ಯಾಮೆರಾ,
ಲೆನ್ಸಿನ ಒಳಗೊಂದು ಎಳೆ ಬೂಸು.
'ಮದುವೆಗೆ ಕರೆದರೆ ಹೋಗಿ ತೆಗಿ,' ಅನ್ನುತ್ತಾಳೆ ನಾಗವೇಣಿ,
'ಹಳೇ ಗೋಡೆ ತೆಗೆದರೆ ಗೋಡೆ ಊಟ ಹಾಕುತ್ತಾ?'

ಹಾಕಲ್ಲ. ಆದರೂ ಹೋಗುತ್ತೇನೆ
ಇನ್ನರ್ ಸರ್ಕಲ್ಲಿಗೆ.
ದುಂಡನೆಯ ಬೀದಿ, ನಡುವೆ ಹುಲ್ಲು, ಸುತ್ತ ನಾಲ್ಕಾರು ಹಳೇ ಮನೆ;
ಯಾರೋ ತಾನು ಬಿಟ್ಟು ಬಂದ ಹಳ್ಳಿಯನ್ನೋ
ಎಂದೂ ಕಾಣದ ಹಳ್ಳಿಯನ್ನೋ ನೆನೆದು
ಕೆಮ್ಮಣ್ಣಿನಲ್ಲಿ ಕೈವಾರ ಊರಿ ಗೀರಿದ ಹಾಗೆ.

ಅಲ್ಲಿ ಸಿರಿಲ್ ಸಾಹೇಬರು.
ಕೋಲಾರದ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಓಡಿಸಿ
ಮೂವತ್ತು ವರ್ಷ ಜನರನ್ನು ಕತ್ತಲೆಗಿಳಿಸಿ, ಮೇಲೆತ್ತಿ,
ಈಗ ಜಗುಲಿಯಲ್ಲಿ ತಾವೇ ಇಳಿಯದೆ ಕೂತವರು.
'ಅಂಜಿ, ಮೀಟರ್ ಆಮೇಲೆ. ಇದು ನೋಡು.'

ಬಿಸ್ಕತ್ತು ಡಬ್ಬಿಯ ಮುಚ್ಚಳ.
ಹುಲ್ಲು ಹೊದ್ದ ಮನೆ, ಹೊಗೆಗೂಡು, ಕಲ್ಲಿನ ಸೇತುವೆ, ಮೂರು ಬಾತು.
ಮೂರನೆಯದರ ತಲೆ ತುಕ್ಕಿಗೆ ಹೋಗಿತ್ತು.
ಡಬ್ಬಿಯೊಳಗೆ ನಾನೇ ಹರಿದುಕೊಟ್ಟ ಬಿಲ್ಲುಗಳು,
ವರ್ಷಗಟ್ಟಲೆಯವು,
ಅಕ್ಷರ ಹಾರಿಹೋಗಿ ಬರೀ ಬೆಳ್ಳಗೆ.

'ಈ ಊರು ನೋಡಿದ್ದೀರಾ ಸಾರ್?'
'ಎಲ್ಲಿ ನೋಡಲಿ? ಬಂಗಾರಪೇಟೆ ದಾಟಿದರೆ ಮದ್ರಾಸು,
ಆಮೇಲೆ ಸಮುದ್ರ. ನಂಗೆ ಈಜು ಬರಲ್ಲ.
ನನ್ನ ಮನೆ ಒಂದ್ಸಲ ಇದರ ಥರ ತೆಗೆದುಕೊಡು.'

ಡಿಸೆಂಬರು, ಆರೂವರೆ. ಮೋರಿಯ ಕಲ್ಲಿನ ಮೇಲೆ ನಿಂತೆ.
ಎಡಕ್ಕೆರಡು ಹೆಜ್ಜೆ ಇಟ್ಟರೆ
ಇಪ್ಪತ್ತಂತಸ್ತಿನ ಗಾಜು ಹುಣಸೆಯ ಹಿಂದೆ ಅಡಗಿತು.
ಬಗ್ಗಿದರೆ ನೀರಿನ ಟ್ಯಾಂಕರು ಬೇಲಿಯ ಕೆಳಗೆ.
ಮಂಡಿಯೂರಿದರೆ ತಂತಿ, ನಮ್ಮದೇ ಇಲಾಖೆಯ ತಂತಿ,
ಚೌಕಟ್ಟಿನಾಚೆ.
ಮಂಜು ಕೈಗೂಡಿಸಿತು; ಮಂಜಿಗೆ ದೇಶ ಗೊತ್ತಿಲ್ಲ.
ಒಂದು ತೆಂಗು ಮಾತ್ರ ಎಲ್ಲಿ ನಿಂತರೂ ತಲೆ ಹಾಕುತ್ತಿತ್ತು.
ಅದನ್ನು ಸ್ಟುಡಿಯೋ ಹುಡುಗನ ಕಂಪ್ಯೂಟರಿನಲ್ಲಿ ಅಳಿಸಿಸಿದೆ.
ಮೂವತ್ತು ರೂಪಾಯಿ.

ಫ್ರೇಮು ಹಾಕಿಸಿ ಕೊಟ್ಟೆ.
ಕನ್ನಡಕ ಏರಿಸಿದರು, ಇಳಿಸಿದರು.
'ಚೆನ್ನಾಗಿದೆ. ಯಾರ ಮನೆ?'
ಮತ್ತೆ, ಸ್ವಲ್ಪ ಹೊತ್ತಾದ ಮೇಲೆ,
'ಗ್ರೇಸ್ ನೆಟ್ಟ ತೆಂಗು ಎಲ್ಲಿ?'

ಅಳಿಸಿದೆ ಅಂತ ಹೇಳಲು ಬಾಯಿ ಬರಲಿಲ್ಲ, ಹೇಳಿದೆ.
ಎದ್ದು ಒಳಗೆ ಹೋಗಿ ಮಚ್ಚು ತಂದರು.
ನಿಜ ಹೇಳುತ್ತೇನೆ, ಗೇಟಿನ ಕಡೆ ಒಂದು ಕಾಲಿಟ್ಟಿದ್ದೆ.
ಮೂರೇ ಏಟು. ತಲೆ ಹಾರಿದ ಎಳನೀರು ನನ್ನ ಕೈಗಿಟ್ಟು
'ಕುಡಿ,' ಅಂದರು,
'ಇಲ್ಲದ ಮರದ್ದು.'

ಆ ಫೋಟೋ ಈಗ ಡಬ್ಬಿಯಲ್ಲಿದೆ, ಬೆಳ್ಳನೆ ಬಿಲ್ಲುಗಳ ಅಡಿಗೆ.
ಗೋಡೆಯಲ್ಲಿ ಇನ್ನೊಂದು, ನಿಂತ ಹಾಗೇ ತೆಗೆದದ್ದು:
ಗಾಜು, ಟ್ಯಾಂಕರು, ತಂತಿ, ತೆಂಗು,
ಬಲ ಮೂಲೆಯಲ್ಲಿ ನನ್ನ ಬೈಕಿನ ಅರ್ಧ ಹ್ಯಾಂಡಲ್ಲು,
ಬೂಸಿನ ಎಳೆ ಹೊಗೆಗೂಡಿನ ಮೇಲೆ ಸರಿಯಾಗಿ ಕೂತು
ಎಂದೂ ಉರಿಯದ ಒಲೆಯ ಹೊಗೆಯಂತೆ.

ಅವತ್ತಿನ ರೀಡಿಂಗು ಮೂವತ್ತೊಂದು ಯೂನಿಟ್ಟು.

ರಾತ್ರಿ ನಾಗವೇಣಿ ಕೇಳಿದಳು, ಎಷ್ಟು ಕೊಟ್ಟರು?
ಒಂದು ಎಳನೀರು ಅಂದೆ.
ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡಿ,
'ಗಂಜಿ ಇತ್ತಾ?' ಅಂದಳು.